ಟೈಲರಮ್ಮನ ಟೇಪು

ಟೈಲರಮ್ಮ ಸುಳ್ಳು ಹೇಳುವವಳಲ್ಲ. ಶುಕ್ರವಾರ ಕೊಡುತ್ತೇನೆಂದ ಬಟ್ಟೆಯನ್ನು ಮುಂದಿನ ಬುಧವಾರ ಕೊಡುವುದನ್ನು ಸುಳ್ಳಿಗೆ ಸೇರಿಸಬಾರದು, ಅದು ಆ ಕಸುಬಿನ ಹುಟ್ಟುಗುಣ. ಅದೊಂದನ್ನು ಬಿಟ್ಟರೆ ಅವಳ ಬಾಯಿಂದ ಸುಳ್ಳು ಕೇಳಿದವರು ಆ ಬೀದಿಯಲ್ಲಿ ಯಾರೂ ಇಲ್ಲ. ಬಣ್ಣ ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನುವಳು, ಹೊಟ್ಟೆ ಬಂದಿದ್ದರೆ ಬಂದಿದೆ ಎನ್ನುವಳು, ಎದುರಿಗಿದ್ದವರ ಮುಖ ಸಪ್ಪಗಾದರೆ ಅದಕ್ಕೆ ಅವಳು ಹೊಣೆಯಲ್ಲ. ಅಂಥವಳು ಆ ಬೆಳಿಗ್ಗೆ, ತನ್ನ ಜೀವ ಉಳಿಸಿದ ಡಾಕ್ಟರಮ್ಮನಿಗೇ ಫೋನಿನಲ್ಲಿ ಒಂದಿಷ್ಟೂ ತೊದಲದೆ ಸುಳ್ಳು ಹೇಳಿದಳು.

“ಎಡಗೈ ಹೇಗಿದೆಯಮ್ಮ? ಬಾವು ಗೀವು ಏನಾದ್ರೂ ಇದೆಯಾ?”

“ಏನೂ ಇಲ್ಲ ಡಾಕ್ಟ್ರೇ. ಚೆನ್ನಾಗಿದೆ.”

ಫೋನಿಟ್ಟ ಮೇಲೆ ಅವಳ ಕೈ ತಾನಾಗಿಯೇ ಕೊರಳಲ್ಲಿ ನೇತಾಡುತ್ತಿದ್ದ ಟೇಪಿಗೆ ಹೋಯಿತು. ಬಾಗಿಲು ಮುಂದೆ ಮಾಡಿ, ಅಂಗಿಯ ತೋಳು ಮೇಲಕ್ಕೆ ಸರಿಸಿ, ಮೊಣಕೈಯ ಮೇಲೆ ಸಣ್ಣ ಮಚ್ಚೆಯಿರುವ ಜಾಗಕ್ಕೆ ಟೇಪು ಸುತ್ತಿದಳು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಇನ್ನೊಂದನ್ನು ಬಲಗೈಯಿಂದ ಎಳೆದು ಹಿಡಿದು ನೋಡಿದಳು. ಹೋದ ವಾರಕ್ಕಿಂತ ಮತ್ತೊಂದು ಗೆರೆ ಮುಂದಕ್ಕೆ ಹೋಗಿತ್ತು. ಕೈ ಊದುತ್ತಲೇ ಇತ್ತು.

ಹೋದ ವರ್ಷ ಅವಳಿಗೆ ಎಡ ಎದೆಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದುಹಾಕಿ, ಔಷಧಿ ಏರಿಸಿ, ಜನ ಕರೆಂಟು ಇಡುವುದು ಎನ್ನುತ್ತಾರಲ್ಲ, ಆ ರೇಡಿಯೇಷನ್ನನ್ನೂ ಕೊಟ್ಟು, ಅಂತೂ ಬದುಕಿಸಿ ಮನೆಗೆ ಕಳಿಸಿದ್ದರು. ಕಳಿಸುವಾಗ ಸಿಸ್ಟರ್ ಒಂದಷ್ಟು ಬುದ್ಧಿಮಾತು ಹೇಳಿದ್ದಳು. ಗಂಟು ತೆಗೆಸಿಕೊಂಡವರ ಕೈ ಊದುವುದುಂಟು. ಭಾರ ಎತ್ತಬೇಡಿ, ಆ ಕೈಗೆ ಸೂಜಿ ತಾಗಿಸಿಕೊಳ್ಳಬೇಡಿ, ಆಗಾಗ ಎರಡೂ ಕೈ ಅಳೆದು ನೋಡಿ, ಊದಿದರೆ ತಡ ಮಾಡದೆ ಬನ್ನಿ. ಟೈಲರಿಗೆ ಸೂಜಿ ತಾಗಿಸಿಕೊಳ್ಳಬೇಡ ಎನ್ನುವುದು ಮೀನಿಗೆ ನೆನೆಯಬೇಡ ಎಂದ ಹಾಗೆ. ಆದರೆ ಅಳತೆಯ ಮಾತು ಅವಳಿಗೆ ಬಹಳ ಹಿಡಿಸಿತು. ಆಸ್ಪತ್ರೆಯಲ್ಲಿ ಕೇಳಿದ ನೂರು ಮಾತುಗಳಲ್ಲಿ ಅವಳ ಕೈಗೆ ಎಟುಕುವ ಮಾತು ಅದೊಂದೇ. ಸಿಸ್ಟರ್ ಆಸ್ಪತ್ರೆಯ ಟೇಪಿನಿಂದ ಅಳೆದಳು. ಇವಳು ಅಲ್ಲೇ ಚೀಲದಿಂದ ತನ್ನ ಟೇಪು ತೆಗೆದು ತಾನೂ ಅಳೆದಳು. ಎರಡೂ ಒಂದೇ ಅಳತೆ ಹೇಳಿದವು. ನಿಮ್ಮ ಟೇಪೂ ಪರವಾಗಿಲ್ಲ ಎಂದು ಸಿಸ್ಟರಿಗೆ ಸರ್ಟಿಫಿಕೇಟು ಕೊಟ್ಟು ಬಂದಿದ್ದಳು.

ಆ ಟೇಪು ಅಂಗಡಿಯಲ್ಲಿ ಈಗ ಸಿಗುವಂಥ ಪ್ಲಾಸ್ಟಿಕ್ಕಿನದಲ್ಲ. ಅವಳಿಗೆ ಹೊಲಿಗೆ ಕಲಿಸಿದ ಮುದುಕಿಯ ಟೇಪು, ದಪ್ಪ ಹತ್ತಿಯದು, ತುದಿಗೆ ಹಿತ್ತಾಳೆಯ ಪಟ್ಟಿ. ನಾಲಿಗೆ ಸುಳ್ಳು ಹೇಳೀತು, ಟೇಪು ಹೇಳುವುದಿಲ್ಲ ಎಂಬುದು ಆ ಮುದುಕಿಯ ಮಾತು. ಟೈಲರಮ್ಮ ಬೇರೆ ಯಾವುದರಲ್ಲಿ ನಂಬಿಕೆ ಕಳೆದುಕೊಂಡರೂ ಆ ಮಾತಿನಲ್ಲಿ ಕಳೆದುಕೊಂಡವಳಲ್ಲ.

ಊದಿದ ಕೈ ಎಂದರೆ ಬರೀ ಊದಿದ ಕೈಯಾಗಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿ ಒಬ್ಬಳು ಅಜ್ಜಿಯಿದ್ದಳು. ತಮಾಷೆಯ ಅಜ್ಜಿ, ಸಿಸ್ಟರುಗಳಿಗೆಲ್ಲ ಗಂಡು ಹುಡುಕಿಕೊಡುತ್ತೇನೆಂದು ಆಸೆ ಹುಟ್ಟಿಸುತ್ತಿದ್ದವಳು. ವಾಸಿಯಾಗಿ ಮನೆಗೆ ಹೋದವಳು, ಟೈಲರಮ್ಮ ಇನ್ನೂ ಔಷಧಿಗೆ ಬಂದುಹೋಗುತ್ತಿದ್ದಾಗಲೇ, ಕೆಲವೇ ತಿಂಗಳಲ್ಲಿ ದಿಂಬಿನಂತೆ ಊದಿದ ಕೈ ಹೊತ್ತು ವಾಪಸು ಬಂದಳು. ಕಂಕುಳಿನಲ್ಲಿ ಮತ್ತೆ ಬಂದಿದೆಯಂತೆ ಎಂದು ಆಯಾ ಪಿಸುಗುಟ್ಟಿದ್ದು ಟೈಲರಮ್ಮನ ಕಿವಿಗೆ ಬಿದ್ದಿತ್ತು. ಆಮೇಲೆ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಕೈ ಊದುವುದಕ್ಕೆ ನೂರು ಕಾರಣವಿರುತ್ತದೆ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಟೈಲರಮ್ಮನ ಮನಸ್ಸಿಗೆ ಅಂಟಿಕೊಂಡದ್ದು ಆ ಒಂದು ಕಾರಣ ಮಾತ್ರ.

ಹಾಗಿದ್ದರೆ ಹೋಗಿ ತೋರಿಸಬಹುದಿತ್ತಲ್ಲ ಎಂದು ಕೇಳುವವರು ಆ ದಿನಗಳನ್ನು ಮರೆತಿದ್ದಾರೆ. ಸೋಂಕು ಬಂದು ಊರಿಗೆ ಊರೇ ಕದ ಹಾಕಿಕೊಂಡಿತ್ತು. ಕ್ಯಾನ್ಸರ್ ಔಷಧಿ ತಗೊಂಡವರ ಮೈಯಲ್ಲಿ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ತಗುಲಿದರೆ ಉಳಿಯುವುದು ಕಷ್ಟ ಎಂದು ಟೀವಿಯವರು ಊಟದ ಹೊತ್ತಿಗೆ ಸರಿಯಾಗಿ ಹೇಳುತ್ತಿದ್ದರು. ಆಸ್ಪತ್ರೆಯವರೇ ಫೋನು ಮಾಡಿ, ತೀರಾ ಅಗತ್ಯವಿದ್ದರೆ ಮಾತ್ರ ಬನ್ನಿ, ತಿಂಗಳಿಗೊಮ್ಮೆ ನಾವೇ ಫೋನಿನಲ್ಲಿ ವಿಚಾರಿಸುತ್ತೇವೆ ಎಂದಿದ್ದರು. ಕೈ ಊದಿದೆ ಎಂದು ಬಾಯಿ ಬಿಟ್ಟರೆ ಬನ್ನಿ ಎನ್ನುತ್ತಾರೆ. ಹೋದರೆ ಅಲ್ಲಿ ಸೋಂಕು. ಹೋಗದಿದ್ದರೆ ಇಲ್ಲಿ ಕ್ಯಾನ್ಸರ್. ಅತ್ತ ದರಿ, ಇತ್ತ ಪುಲಿ. ಇದಕ್ಕೆಲ್ಲ ಮೇಲಾಗಿ, ಹೋಗಿ ತೋರಿಸಿದರೆ ಅದು ನಿಜವಾಗಿಬಿಡುತ್ತದೆ. ಮನೆಯಲ್ಲೇ ಇದ್ದರೆ ಇನ್ನೂ ಒಂದು ವಾರ ಅದು ಬರೀ ಟೇಪಿನ ಗೆರೆ.

ಗಂಡನಿಗೂ ಹೇಳಲಿಲ್ಲ. ಗಂಡ ಲಾಂಡ್ರಿಯವನು. ಮನೆಯ ಮುಂದಿನ ಕೋಣೆಗೆ ಅಡ್ಡ ಪರದೆ ಕಟ್ಟಿ ಒಂದು ಕಡೆ ಅವನ ಇಸ್ತ್ರಿ ಮೇಜು, ಇನ್ನೊಂದು ಕಡೆ ಇವಳ ಮಿಷನ್ನು. ಹಿಂದಿನ ಅಂಗಳದಲ್ಲಿ ಅವನ ದೊಡ್ಡ ಹಂಡೆ. ಜಗತ್ತಿನ ಎಲ್ಲ ಕಷ್ಟಕ್ಕೂ ಬಿಸಿನೀರೇ ಮದ್ದು ಎಂದು ನಂಬಿದ ಮನುಷ್ಯ, ಅದಕ್ಕೇ ಗೆಳೆಯರು ಅವನನ್ನು ಬಿಸಿನೀರಣ್ಣ ಎಂದು ಕರೆಯುತ್ತಿದ್ದರು. ಅವನ ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ ಬೋರ್ಡು: ಹತ್ತಿ ಬಟ್ಟೆ ಬಿಸಿನೀರಿಗೆ ಕುಗ್ಗಿದರೆ ನಾವು ಹೊಣೆಯಲ್ಲ. ಅದರ ಕೆಳಗೆ ನಿಂತು ಅವನು ಅದೆಷ್ಟು ಗಿರಾಕಿಗಳ ಜೊತೆ ಜಗಳ ಗೆದ್ದಿದ್ದನೋ ಲೆಕ್ಕವಿಲ್ಲ.

ಸೋಂಕು ಶುರುವಾದ ಮೇಲೆ ಬಿಸಿನೀರಣ್ಣನ ಕೈಗೆ ಲಗಾಮು ಇಲ್ಲದಂತಾಯಿತು. ಬಾಗಿಲ ಚಿಲಕಕ್ಕೆ ಬಿಸಿನೀರು, ಚಪ್ಪಲಿಗೆ ಬಿಸಿನೀರು, ತರಕಾರಿಗೆ ಬಿಸಿನೀರು. ಒಂದು ದಿನ ಟೀವಿಯ ರಿಮೋಟು ಹಿಡಿದು ಹಂಡೆಯ ಕಡೆ ನೋಡುತ್ತಾ ನಿಂತಿದ್ದನ್ನು ಕಂಡು ಟೈಲರಮ್ಮ ಅದನ್ನು ಕಿತ್ತುಕೊಂಡಳು. ನನ್ನ ಮಿಷನ್ನು, ಕತ್ತರಿ, ದಾರ, ಟೇಪು, ಇವುಗಳ ತಂಟೆಗೆ ಬಂದರೆ ಸುಮ್ಮನಿರುವುದಿಲ್ಲ ಎಂದು ಆವತ್ತೇ ಗೆರೆ ಹಾಕಿದಳು. ಅವನು ಹೂಂ ಎಂದ. ಎಲ್ಲ ಗಂಡಂದಿರೂ ಹೂಂ ಎನ್ನುತ್ತಾರೆ.

ಇಷ್ಟೊಂದು ಹೆದರಿದವನಿಗೆ ಕೈ ಊದಿದ ಸುದ್ದಿ ಹೇಳುವುದು ಹೇಗೆ? ಅದೂ ಅಲ್ಲದೆ ಅವನು ಕೆಲವು ವಾರಗಳಿಂದ ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ. ಅರ್ಧ ತಟ್ಟೆ ತಿಂದು, ಹಸಿವಿಲ್ಲ ಎಂದು ಎದ್ದುಬಿಡುತ್ತಿದ್ದ. ತನ್ನ ಕಾಯಿಲೆಯ ಚಿಂತೆಯೇ ಅವನ ಹಸಿವನ್ನು ತಿಂದುಹಾಕಿದೆ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಗೊತ್ತಿತ್ತು ಎಂದುಕೊಂಡಿದ್ದಳು. ಅವನು ಬಿಟ್ಟ ಅರ್ಧ ತಟ್ಟೆಯನ್ನು ಬೆಳಿಗ್ಗೆ ತೊಳೆಯುವಾಗ ಅವಳು ಒಬ್ಬಳೇ ಅಳುತ್ತಿದ್ದಳು.

ಕೆಲಸವೇನೋ ನಡೆಯುತ್ತಿತ್ತು. ಮೊದಲು ಮಾಸ್ಕುಗಳನ್ನು ಹೊಲಿದಳು. ಆಮೇಲೆ ಮನೆಯಲ್ಲೇ ಕೂತು ಕಂಪ್ಯೂಟರ್ ಮುಂದೆ ಮುಖ ತೋರಿಸುವವರಿಗೆ ಹೊಸ ಅಂಗಿ ಬೇಕೆನಿಸಿತು. ವಿಚಿತ್ರ ಕಾಲ, ಎಲ್ಲರಿಗೂ ಸೊಂಟದ ಮೇಲಿನ ಬಟ್ಟೆ ಮಾತ್ರ ಬೇಕು. ಎದುರು ಮನೆಯ ಮಹಡಿಯ ಟೀಚರಮ್ಮ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಲು ಒಂದು ಕೋಟು ಹೊಲಿಸಿದಳು. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಬಟ್ಟೆ ಇಳಿಯಿತು, ಹೊಲಿದ ಮೇಲೆ ಅದೇ ಬುಟ್ಟಿಯಲ್ಲಿ ಕೋಟು ಏರಿತು. ಅಳತೆ ಕೊಡಲು ಯಾರೂ ಬರುವಂತಿರಲಿಲ್ಲ, ಬರುವುದು ಬೇಕಾಗಿಯೂ ಇರಲಿಲ್ಲ. ಹಳೇ ಗಿರಾಕಿಗಳ ಅಳತೆಯೆಲ್ಲ ಟೈಲರಮ್ಮನ ತಲೆಯಲ್ಲೇ ಇತ್ತು. ಹೆಸರು ಮರೆತರೂ ಸೊಂಟ ಮರೆಯುವವಳಲ್ಲ.

ಆದರೆ ಕೊಟ್ಟ ಬಟ್ಟೆಗಳ ಬಗ್ಗೆ ಯಾಕೋ ಯಾರೂ ಮಾತೇ ಆಡಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ಟೀಚರಮ್ಮನನ್ನು ಕಿಟಕಿಯಲ್ಲಿ ಕಂಡು ಕೋಟು ಹೇಗಿದೆ ಎಂದು ಕೇಳಿದರೆ, ಕೋಟು ಚೆನ್ನಾಗಿಯೇ ಇದೆ, ತಪ್ಪು ಕೋಟಿನದಲ್ಲ ಎಂದು ಹೇಳಿ ಕಿಟಕಿ ಮುಚ್ಚಿದಳು. ಬೇರೆ ಸಮಯವಾಗಿದ್ದರೆ ಟೈಲರಮ್ಮ ಆ ಮಾತಿನ ಬುಡ ಅಗೆಯದೆ ಬಿಡುತ್ತಿರಲಿಲ್ಲ. ಈಗ ಅವಳ ಯೋಚನೆಯೆಲ್ಲ ಮಚ್ಚೆಯ ಸುತ್ತ ಸುತ್ತುತ್ತಿತ್ತು.

ಸಿಸ್ಟರ್ ಎರಡೂ ಕೈ ಅಳೆಯಲು ಹೇಳಿದ್ದಳಲ್ಲ, ಬಲಗೈಯನ್ನು ಯಾಕೆ ಅಳೆಯಲಿಲ್ಲ? ಬಲಗೈ ಅಳೆಯಬೇಕಾದರೆ ಎಡಗೈಯಿಂದ ಟೇಪು ಎಳೆಯಬೇಕು, ಆ ಕೈಗೆ ಇನ್ನೂ ಬಿಗಿಯಾಗಿ ಎಳೆಯುವ ಬಲ ಬಂದಿರಲಿಲ್ಲ. ಗಂಡನನ್ನು ಕರೆದರೆ ಗುಟ್ಟು ರಟ್ಟಾಗುತ್ತದೆ. ಇವೆಲ್ಲ ನೆಪ. ಭಯ ಬಿದ್ದವರು ಭಯವಿದ್ದ ಕಡೆಯೇ ನೋಡುತ್ತಾರೆ, ಪಕ್ಕಕ್ಕೆ ತಿರುಗುವುದಿಲ್ಲ. ಅವಳೂ ತಿರುಗಲಿಲ್ಲ.

ಕೊನೆಗೆ ಗುಟ್ಟು ರಟ್ಟಾದದ್ದು ಒಂದು ಅಂಗಿಯಿಂದ. ಕಪಾಟಿನಲ್ಲಿ ತೆಳುವಾದ ನೀಲಿ ಬಟ್ಟೆಯೊಂದು ಬಹಳ ಕಾಲದಿಂದ ಬಿದ್ದಿತ್ತು. ಸೆಕೆ ಜಾಸ್ತಿಯಾಗಿದೆ, ತನಗೊಂದು ಅಂಗಿ ಹೊಲಿದುಕೊಳ್ಳೋಣ ಎಂದು ಕೂತಳು. ತನ್ನ ಹಳೆಯ ಅಳತೆಗೇ ಕತ್ತರಿಸಿದಳು. ಕಾಯಿಲೆಗೆ ಮುಂಚೆ ಇದ್ದ ಅಳತೆ ಅದು, ಅದಕ್ಕೆ ಹೊಂದಿದರೆ ತಾನು ಮೊದಲಿನಂತೆಯೇ ಇದ್ದೇನೆಂದು ಅರ್ಥ ಎಂಬ ಹುಚ್ಚು ಆಸೆ ಬೇರೆ. ಹೊಲಿದು, ದಾರ ಕತ್ತರಿಸಿ, ಮೊದಲು ಎಡತೋಳನ್ನು ಏರಿಸಿದಳು. ಮೊಣಕೈ ದಾಟಿ ಮಚ್ಚೆಯ ಹತ್ತಿರ ಬಂದು ಅಂಗಿ ನಿಂತುಬಿಟ್ಟಿತು. ಎಳೆದಳು, ಇನ್ನೂ ಎಳೆದಳು, ಕಂಕುಳಿನ ಹೊಲಿಗೆ ಚರ್ರೆಂದಿತು. ಬಲತೋಳನ್ನೂ ಹಾಕಿ ನೋಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಹಾಕಲಿಲ್ಲ. ಅರ್ಧ ತೊಟ್ಟ ಅಂಗಿಯಲ್ಲೇ ನೆಲಕ್ಕೆ ಕುಸಿದು, ಸದ್ದಾಗದಂತೆ ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳು.

ಮಿಷನ್ನಿನ ಸದ್ದು ನಿಂತು ಬಹಳ ಹೊತ್ತಾಯಿತಲ್ಲ ಎಂದು ಬಿಸಿನೀರಣ್ಣ ಪರದೆ ಸರಿಸಿ ನೋಡಿದ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು, ಗೆರೆ ಏರಿದ್ದು, ಡಾಕ್ಟರಮ್ಮನಿಗೆ ಸುಳ್ಳು ಹೇಳಿದ್ದು, ಪಕ್ಕದ ಹಾಸಿಗೆಯ ಅಜ್ಜಿಯ ಕೈ, ಎಲ್ಲವನ್ನೂ. ಅವನು ಬೈಯುತ್ತಾನೆಂದುಕೊಂಡಿದ್ದಳು. ಅವನು ಅವಳ ತೋಳಿನಿಂದ ಅಂಗಿಯನ್ನು ನಿಧಾನಕ್ಕೆ ಬಿಡಿಸಿ ಪಕ್ಕಕ್ಕಿಟ್ಟು ಪಕ್ಕದಲ್ಲೇ ಕೂತ.

“ನಾಳೆ ಬೆಳಿಗ್ಗೆ ಹೋಗೋಣ,” ಎಂದ.

“ಅಲ್ಲಿ ಸೋಂಕು ಇದೆ ಅಂತ ನೀವೇ ಹೇಳ್ತಿದ್ರಲ್ಲ.”

“ಇರ್ಲಿ. ಅದಕ್ಕೆ ಮಾಸ್ಕಿದೆ. ಇದಕ್ಕೆ ಡಾಕ್ಟ್ರೇ ಬೇಕು.”

ಬಾಗಿಲ ಚಿಲಕಕ್ಕೆ ಹೆದರುತ್ತಿದ್ದ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿ ಟೈಲರಮ್ಮನಿಗೆ ಧೈರ್ಯವೂ ಬಂತು, ಇನ್ನಷ್ಟು ಭಯವೂ ಆಯಿತು.

ಮಾರನೆಯ ದಿನ ಇಬ್ಬರೂ ನಡೆದೇ ಹೋದರು. ಬೀದಿಗಳು ಬಿಕೋ ಎನ್ನುತ್ತಿದ್ದವು. ಯಾವಾಗಲೂ ಜನ ಕಿಕ್ಕಿರಿಯುವ ಬಸ್ ಸ್ಟಾಪಿನ ಬೆಂಚಿನ ಮೇಲೆ ಒಂದು ಬೆಕ್ಕು ಕಾಲು ಚಾಚಿ ಮಲಗಿತ್ತು. ಅವಳು ಎರಡು ಮಾಸ್ಕು ಹಾಕಿಕೊಂಡಿದ್ದಳು, ಅವನು ಮೂರು. ಟೇಪು ಎಂದಿನಂತೆ ಅವಳ ಕೊರಳಲ್ಲಿತ್ತು. ತೆಗೆದಿಡಬೇಕೆಂದು ಹೊಳೆಯಲೂ ಇಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಹಾಕಿ, ನೆಲಕ್ಕೆ ಬಿಳಿ ಬಣ್ಣದಲ್ಲಿ ದೂರ ದೂರಕ್ಕೆ ವೃತ್ತ ಬರೆದಿದ್ದರು. ಕಾಯುವವರೆಲ್ಲ ಒಂದೊಂದು ವೃತ್ತದೊಳಗೆ ನಿಲ್ಲಬೇಕು. ಬಿಸಿನೀರಣ್ಣನಿಗೆ ಕೊನೆಯ ಸಾಲಿನ ವೃತ್ತ ಸಿಕ್ಕಿತು. ಟೈಲರಮ್ಮನನ್ನು ಒಳಗೆ ಕರೆದರು. ಡಾಕ್ಟರಮ್ಮ ಕಣ್ಣು ಮಾತ್ರ ಕಾಣುವಂಥ ಉಡುಪಿನಲ್ಲಿದ್ದಳು. ಟೈಲರಮ್ಮ ಮೊದಲು ತಪ್ಪೊಪ್ಪಿಕೊಂಡಳು, ಆವತ್ತು ಫೋನಿನಲ್ಲಿ ಹೇಳಿದ್ದು ಸುಳ್ಳು ಎಂದಳು. ನೀವೊಬ್ಬರೇ ಅಲ್ಲ, ಈಗ ಎಲ್ಲರೂ ನನಗೆ ಚೆನ್ನಾಗಿದೆ ಎಂದೇ ಹೇಳುತ್ತಾರೆ, ಅದಕ್ಕೇ ನನಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿ, ಕಂಕುಳನ್ನೂ ಗಾಯದ ಗೆರೆಯನ್ನೂ ಕೊರಳಿನ ಬುಡವನ್ನೂ ಒತ್ತಿ ಒತ್ತಿ ನೋಡಿದಳು. ಟೈಲರಮ್ಮ ಆ ಕಣ್ಣುಗಳನ್ನೇ ನೋಡುತ್ತಿದ್ದಳು. ನನಗೇನೂ ಗಂಟು ಸಿಗಲಿಲ್ಲ, ಕೈಯೂ ಊದಿದ ಹಾಗೆ ಕಾಣುವುದಿಲ್ಲ, ಯಾವುದಕ್ಕೂ ಹೊರಗೆ ಸಿಸ್ಟರ್ ಹತ್ತಿರ ಅಳತೆ ತೆಗೆಸಿಕೊಂಡು ಬನ್ನಿ ಎಂದು ಕಳಿಸಿದಳು.

ಶಾಮಿಯಾನದ ಕೆಳಗೆ ಅದೇ ಹಳೆಯ ಸಿಸ್ಟರ್ ಕೂತಿದ್ದಳು. ಬಲಗೈ ಅಳೆದಳು, ಎಡಗೈ ಅಳೆದಳು, ಕಂಪ್ಯೂಟರ್ ನೋಡಿದಳು. ಎರಡೂ ಕೈ ಒಂದೇ ಸಮ ಇವೆ, ಆಪರೇಷನ್ ಆದಾಗ ಎಷ್ಟಿತ್ತೋ ಅಷ್ಟೇ, ಒಂದು ಕೂದಲೆಳೆ ಕೂಡ ಜಾಸ್ತಿಯಿಲ್ಲ ಎಂದಳು.

ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಮನೆಗೆ ಓಡುತ್ತಿದ್ದರು. ಟೈಲರಮ್ಮ ಹಾಗೆ ಬಿಡುವ ಜಾತಿಯೇ ಅಲ್ಲ.

“ನಿಮ್ಮ ಟೇಪು ಸರಿಯಿಲ್ಲ ಸಿಸ್ಟರ್.”

“ಇದು ಆಸ್ಪತ್ರೆ ಟೇಪು ಕಣಮ್ಮ.”

“ಆದ್ರೇನಾಯ್ತು? ಪ್ಲಾಸ್ಟಿಕ್ ಅಲ್ವಾ, ಹಿಗ್ಗಿರುತ್ತೆ. ತಗೊಳ್ಳಿ, ಇದ್ರಲ್ಲಿ ಅಳೀರಿ.”

ತನ್ನ ಕ್ಯಾನ್ಸರ್ ವಾಪಸು ಬಂದಿಲ್ಲ ಎಂದವರ ಜೊತೆ ಜಗಳಕ್ಕೆ ನಿಂತ ರೋಗಿಯನ್ನು ಸಿಸ್ಟರ್ ಅದೇ ಮೊದಲ ಸಲ ನೋಡಿದ್ದು. ನಕ್ಕು, ಟೈಲರಮ್ಮನ ಟೇಪನ್ನು ತೆಗೆದುಕೊಂಡು ತನ್ನ ಟೇಪಿನ ಪಕ್ಕದಲ್ಲಿ ಮೇಜಿನ ಮೇಲೆ ಚಾಚಿದಳು. ಎರಡರ ತುದಿಗಳನ್ನು ಜೋಡಿಸಿ ಇಟ್ಟಳು. ಆ ಕಡೆಯ ತುದಿಗೆ ಬಂದಾಗ ಆಸ್ಪತ್ರೆಯ ಟೇಪು ಇನ್ನೂ ಮುಂದಕ್ಕೆ ಹೋಗಿತ್ತು, ಹಿತ್ತಾಳೆ ಪಟ್ಟಿಯದು ಅಂಗೈಯಗಲ ಹಿಂದೆಯೇ ನಿಂತಿತ್ತು. ಸಿಸ್ಟರ್ ಡ್ರಾಯರಿನಿಂದ ಇನ್ನೊಂದು ಹೊಸ ಟೇಪು ತೆಗೆದು ಜೊತೆಗಿಟ್ಟಳು. ಅದೂ ಆಸ್ಪತ್ರೆಯ ಟೇಪಿನ ಸಮಕ್ಕೇ ಬಂತು.

ಟೈಲರಮ್ಮ ಬಗ್ಗಿ ತನ್ನ ಟೇಪನ್ನು ಮೊದಲ ಸಲವೆಂಬಂತೆ ನೋಡಿದಳು. ಅಂಕೆಗಳು ಮಾಸಿದ್ದವು, ಅದನ್ನು ಅವಳು ಗಮನಿಸಿದ್ದಳು, ತನ್ನಂತೆಯೇ ಅದಕ್ಕೂ ವಯಸ್ಸಾಯಿತು ಎಂದುಕೊಂಡಿದ್ದಳು. ಅಂಚು ಸಣ್ಣಗೆ ನಿರಿಗೆಗಟ್ಟಿತ್ತು. ಮೂಗಿಗೆ ಹಿಡಿದರೆ ಸೋಪಿನ ವಾಸನೆ. ಹೊಸ ಬಟ್ಟೆ ತಂದ ಗಿರಾಕಿಗೆಲ್ಲ, ಮೊದಲು ನೀರಿಗೆ ಹಾಕಿ ತನ್ನಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡವಳು ಅವಳು. ನಿರಿಗೆ ಕಂಡ ಕೂಡಲೇ ಎಲ್ಲ ಅರ್ಥವಾಯಿತು. ತಲೆಯೆತ್ತಿ ಕೊನೆಯ ಸಾಲಿನ ವೃತ್ತದ ಕಡೆ ನೋಡಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಿಸಿನೀರಣ್ಣ ಮೂರು ಮಾಸ್ಕನ್ನೂ ಒಟ್ಟಿಗೆ ಕಣ್ಣಿನವರೆಗೆ ಏರಿಸಿಕೊಂಡ.

“ಏನ್ರೀ, ಟೇಪನ್ನ ಬಿಸಿನೀರಿಗೆ ಹಾಕಿದ್ರಾ?”

ವೃತ್ತ ಬಿಟ್ಟು ಬರುವಂತಿಲ್ಲ. ಮೂರು ಮಾಸ್ಕಿನ ಹಿಂದಿನಿಂದ ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ. ಹಾಗಾಗಿ ಆ ಪಾಪದವನು ನಾಲ್ಕು ಗೋಡೆಯ ನಡುವೆ ಒಪ್ಪಿಕೊಳ್ಳಬೇಕಾದ ತಪ್ಪನ್ನು ಅಂಗಳದಲ್ಲಿ ನಿಂತು ಗಂಟಲೆತ್ತಿ ಒಪ್ಪಿಕೊಳ್ಳಬೇಕಾಯಿತು. ಅವಳು ಏಳುವ ಮುಂಚೆ ದಿನಾ ಬೆಳಿಗ್ಗೆ ಟೇಪನ್ನು ಹಂಡೆಯಲ್ಲಿ ಕುದಿಸಿ, ಇಸ್ತ್ರಿ ಹಾಕಿ ಒಣಗಿಸಿ, ಇದ್ದಲ್ಲೇ ಇಡುತ್ತಿದ್ದನಂತೆ.

“ಮುಟ್ಟಬೇಡಿ ಅಂತ ಹೇಳಿದ್ದೆ ಅಲ್ವಾ?”

“ನೀನು ಬಟ್ಟೆ ಕತ್ತರಿಸೋವಾಗ ಅದನ್ನ ಹಲ್ಲಲ್ಲಿ ಕಚ್ಚೋದನ್ನ ನೋಡ್ದೆ. ಊರವರ ಬಟ್ಟೆಗೆಲ್ಲ ತಾಗಿದ ಟೇಪು. ನನ್ನ ಕೈಲಿ ನೋಡ್ಕೊಂಡು ಇರಕ್ಕಾಗ್ಲಿಲ್ಲ. ಬೈತೀಯ ಅಂತ ಗೊತ್ತಿತ್ತು. ನೀನು ಇದ್ರೆ ತಾನೆ ಬೈಯೋದು ಅಂದ್ಕೊಂಡೆ.”

ಮೊದಲು ನಕ್ಕವಳು ಮುಂದಿನ ಸಾಲಿನಲ್ಲಿದ್ದ, ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬ ಹೆಂಗಸು. ಆಮೇಲೆ ಒಂದೊಂದೇ ವೃತ್ತಕ್ಕೆ ನಗು ಹಬ್ಬಿತು. ಆಸ್ಪತ್ರೆಗೆ ಬರುವಾಗ ಅಲ್ಲಿದ್ದವರೆಲ್ಲರ ಎದೆಯಲ್ಲೂ ಇಂಥದ್ದೇ ಒಂದು ಭಯವಿತ್ತು, ಒಬ್ಬಳದಾದರೂ ಸುಳ್ಳಾಯಿತಲ್ಲ ಎಂಬ ಸಮಾಧಾನ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಕ್ಕಿತು. ಸಿಸ್ಟರ್ ಕಣ್ಣೊರೆಸಿಕೊಂಡು, ಇನ್ನು ಮೇಲೆ ಯಜಮಾನರ ಕೈಯಲ್ಲೇ ಎರಡೂ ಕೈ ಅಳೆಸಿಕೊಳ್ಳಿ ಎಂದು ಹೇಳಿ ಹೊಸ ಟೇಪನ್ನು ಟೈಲರಮ್ಮನಿಗೇ ಕೊಟ್ಟಳು. ಟೈಲರಮ್ಮ ಮಾತ್ರ ನಗಲಿಲ್ಲ. ಕುರ್ಚಿಯಲ್ಲಿ ಕೂತು, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಮಗುವಿನ ತಲೆ ಸವರುವ ಹಾಗೆ ಅದನ್ನು ಸವರುತ್ತಿದ್ದಳು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು.

ಬೆಕ್ಕು ಮಲಗಿದ್ದ ಬಸ್ ಸ್ಟಾಪಿನ ತನಕ ಇಬ್ಬರೂ ನಡೆದು ಬಂದರು. ಹತ್ತಿ ಕುಗ್ಗುತ್ತದೆ ಎಂದು ಗೋಡೆಯ ಮೇಲೆ ಬರೆಸಿಟ್ಟು ಊರಿಗೆಲ್ಲ ಪಾಠ ಹೇಳಿದವನಿಗೆ ಅದೊಂದು ಹೊಳೆಯಲಿಲ್ಲವಲ್ಲ ಎಂದು ಕೇಳಬೇಕೆಂದಿದ್ದಳು. ತನಗೂ ಹೊಳೆಯಲಿಲ್ಲ ಎಂಬುದು ನೆನಪಾಗಿ ಸುಮ್ಮನಾದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇವರ ಮನೆಯಲ್ಲಿ ಎರಡು ದೀಪ, ಎರಡರ ಬುಡದಲ್ಲೂ ಕತ್ತಲೆ. ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆದು ರಸ್ತೆಯ ನಡುವೆಯೇ ನಿಂತುಬಿಟ್ಟಳು.

“ಅಯ್ಯೋ, ಟೀಚರಮ್ಮನ ಕೋಟು.”

ಟೀಚರಮ್ಮನ ಕೋಟೊಂದೇ ಅಲ್ಲ. ಹಳೇ ಅಳತೆ ತಲೆಯಲ್ಲಿ, ಕುಗ್ಗಿದ ಟೇಪು ಕೈಯಲ್ಲಿ. ಈ ತಿಂಗಳುಗಳಲ್ಲಿ ಅವಳು ಕತ್ತರಿಸಿದ ಪ್ರತಿಯೊಂದು ಬಟ್ಟೆಯೂ ಚಿಕ್ಕದಾಗಿರಲೇಬೇಕು. ಗಿರಾಕಿಗಳ್ಯಾಕೆ ಜಗಳಕ್ಕೆ ಬರಲಿಲ್ಲ ಎಂಬುದೂ ಈಗ ಗೊತ್ತಾಯಿತು. ಮನೆಯಲ್ಲೇ ಕೂತು ತಿಂದು ದಪ್ಪಗಾಗಿದ್ದೇವೆ ಎಂದು ಎಲ್ಲರೂ ನಾಚಿಕೊಂಡಿದ್ದರು. ಟೈಲರಮ್ಮನ ಹೊಲಿಗೆ ತಪ್ಪಿರಲು ಸಾಧ್ಯವಿಲ್ಲ ಎಂದು ನಂಬಿದ್ದರು. ಈಗ ಅವಳಿಗೆ ನಗು ಬಂತು. ಮಾಸ್ಕಿನೊಳಗೇ ಶುರುವಾದದ್ದು ಹೊಟ್ಟೆಗಿಳಿದು, ಬಸ್ ಸ್ಟಾಪಿನ ಕಂಬ ಹಿಡಿದುಕೊಂಡು ನಗುವಂತಾಯಿತು. ಬೆಕ್ಕು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು.

ಬಿಸಿನೀರಣ್ಣ ನಗಲಿಲ್ಲ. ಏನೋ ಲೆಕ್ಕ ಹಾಕುವವನಂತೆ ನಿಂತಿದ್ದ.

“ಹಾಗಾದ್ರೆ ನನಗೆ ಹೊಲಿದ ಪ್ಯಾಂಟು?” ಎಂದ.

ಹೋದ ತಿಂಗಳು ಅವನಿಗೊಂದು ಪ್ಯಾಂಟು ಹೊಲಿದುಕೊಟ್ಟಿದ್ದಳು. ಗುಂಡಿ ಹಾಕಲು ಬರುತ್ತಿರಲಿಲ್ಲವಂತೆ. ಹೊಟ್ಟೆ ಬಂದಿದೆ ಎಂದು ಅವಳ ಕೈಲಿ ಹೇಳಿಸಿಕೊಳ್ಳಲು ಇಷ್ಟವಿಲ್ಲದೆ, ಇರುವ ಚಿಂತೆಯ ಜೊತೆ ಅವಳಿಗೆ ಇದೊಂದು ಬೇಡ ಎಂದು, ಅಂದಿನಿಂದ ಅರ್ಧ ಹೊಟ್ಟೆ ಊಟ ಮಾಡುತ್ತಿದ್ದನಂತೆ. ತನ್ನ ಕಾಯಿಲೆ ಗಂಡನ ಹಸಿವನ್ನು ತಿನ್ನುತ್ತಿದೆ ಎಂದು ಅತ್ತ ಬೆಳಗುಗಳೆಲ್ಲ ಟೈಲರಮ್ಮನ ಕಣ್ಣ ಮುಂದೆ ಬಂದವು. ನಗುತ್ತಿದ್ದ ಕಣ್ಣಿನಲ್ಲೇ ನೀರು ಬಂತು. ಅವನ ಕೈ ಹಿಡಿದುಕೊಂಡಳು. ಹಿಡಿದ ಮೇಲೆ ಸ್ಯಾನಿಟೈಸರ್ ಹಾಕಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.

ಆವತ್ತು ಮನೆಗೆ ಬಂದು ಬಿಸಿನೀರಣ್ಣ ಎರಡು ಸಲ ಬಡಿಸಿಕೊಂಡು ಉಂಡ. ಮೂರನೆಯ ಸಲಕ್ಕೆ ಕೈ ಚಾಚಿದಾಗ, ಹೀಗೆ ತಿಂದರೆ ಸರಿಯಾದ ಟೇಪಿನಲ್ಲಿ ಹೊಲಿದದ್ದೂ ಹಿಡಿಸುವುದಿಲ್ಲ ಎಂದು ಅವಳು ಹೇಳಿದಳು, ಹೇಳುತ್ತಲೇ ಬಡಿಸಿದಳು.

ಸಂಜೆ ಕಿಟಕಿಯ ಕೆಳಗೆ ನಿಂತು ಟೀಚರಮ್ಮನನ್ನು ಕರೆದು ನಡೆದದ್ದನ್ನು ಹೇಳಿದಳು. ಕೋಟು ಕೊಟ್ಟಾಗಿನಿಂದ ಸಿಹಿ ಮುಟ್ಟಿಲ್ಲ, ದಿನಾ ಬೆಳಿಗ್ಗೆ ಮಹಡಿ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಹಿಡಿದುಕೊಂಡಿದೆ ಎಂದು ಟೀಚರಮ್ಮ ಹೇಳಿದಳು. ಟೈಲರಮ್ಮ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಆದರೆ ಮೇಲಿನಿಂದ ಬಂದದ್ದು ಬೈಗುಳವಲ್ಲ.

“ನಿಮ್ಮ ಕೈಗೆ ಏನೂ ಆಗಿಲ್ಲ ತಾನೆ?”

“ಏನೂ ಆಗಿಲ್ಲ.”

“ಅಷ್ಟು ಸಾಕು ಬಿಡಿ. ಕೋಟಿಗೇನಂತೆ, ಬಿಚ್ಚಿ ಹೊಲಿದ್ರಾಯ್ತು.”

ಬುಟ್ಟಿ ಇಳಿಯಿತು, ಅದರಲ್ಲಿ ಕೋಟಿತ್ತು. ಶುಕ್ರವಾರ ಕೊಡುತ್ತೇನೆಂದು ಟೈಲರಮ್ಮ ಮಾತು ಕೊಟ್ಟಳು.

ಮುಂದಿನ ಸಲ ಡಾಕ್ಟರಮ್ಮ ಫೋನು ಮಾಡಿದಾಗ ಹೊಲಿಗೆ ಮಿಷನ್ನಿನ ಸುತ್ತ ಬಿಚ್ಚಿದ ಅಂಗಿಗಳ ರಾಶಿಯೇ ಬಿದ್ದಿತ್ತು. ಎಡಗೈ ಹೇಗಿದೆ ಎಂಬ ಪ್ರಶ್ನೆ ಬಂದ ಕೂಡಲೇ ಟೈಲರಮ್ಮ ಒಂದು ನಿಮಿಷ ಎಂದು ಹೇಳಿ, ಪರದೆಯಾಚೆಗೆ ಕೂಗಿದಳು. ಬಿಸಿನೀರಣ್ಣ ಒದ್ದೆ ಕೈ ಒರೆಸಿಕೊಂಡು ಬಂದು, ಹೊಸ ಟೇಪು ತೆಗೆದು, ಎಡಗೈ ಅಳೆದ, ಬಲಗೈ ಅಳೆದ. ಸಡಿಲವಾಗಿ ಹಿಡಿಯಬೇಡಿ, ಓರೆ ಮಾಡಬೇಡಿ ಎಂದು ಅವಳು ಗದರುತ್ತಲೇ ಇದ್ದಳು. ಎರಡೂ ಒಂದೇ ಇದೆ ಕಣೇ ಎಂದು ಅವನು ಹೇಳಿದ್ದು ಫೋನಿನ ಆ ಕಡೆಗೂ ಕೇಳಿಸಿರಬೇಕು.

“ಏನೂ ಇಲ್ಲ ಡಾಕ್ಟ್ರೇ,” ಎಂದಳು ಟೈಲರಮ್ಮ. “ಚೆನ್ನಾಗಿದೆ.”

ಫೋನಿಟ್ಟು ಅವಳು ಟೀಚರಮ್ಮನ ಕೋಟನ್ನು ಮಡಿಲಿಗೆಳೆದುಕೊಂಡು ಬದಿಯ ಹೊಲಿಗೆ ಬಿಚ್ಚತೊಡಗಿದಳು. ಕೊಡುತ್ತೇನೆಂದ ಶುಕ್ರವಾರ ಕಳೆದು ಅದಾಗಲೇ ಬುಧವಾರವಾಗಿತ್ತು.